ಹೆಡ್ ಸಿಸ್ಟರ್ ಓದಿದ ಪ್ರೋಗ್ರಾಂ

ಸಿಡ್ನಿಯಲ್ಲಿ ಕೂತು ಆಸ್ಪತ್ರೆಗಳಿಗೆ ನರ್ಸ್‌ಗಳ ಡ್ಯೂಟಿ ಪಟ್ಟಿ ಹಾಕುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಇಂಥ ಕೆಲಸದಲ್ಲಿ ನಗೆಪಾಟಲಾಗಲು ವಿಶೇಷ ದಿನವೇನೂ ಬೇಕಿಲ್ಲ, ಸೋಮವಾರ ಸಾಕು.

೧. ನನ್ನನ್ನು ಕೇಳಿ

ಮೆಲ್ಬರ್ನ್‌ನಿಂದ ಬಂದ ಮ್ಯಾನೇಜರ್ ನನ್ನ ಹಳೇ ಕೋಡ್ ತೆರೆದರು. ನಡುವೆ ನಾನೇ ಬರೆದಿಟ್ಟ ಟಿಪ್ಪಣಿ: “ಇದನ್ನು ಮುಟ್ಟಬೇಡಿ. ಅನುಮಾನವಿದ್ದರೆ ನನ್ನನ್ನು ಕೇಳಿ.”

“ಸರಿ, ಕೇಳ್ತಿದ್ದೀನಿ. ಇದೇನು ಮಾಡುತ್ತೆ?”

ಐದು ನಿಮಿಷ ನೋಡಿದೆ. “ಮುಟ್ಟದಿರೋದೇ ಒಳ್ಳೇದು” ಅಂದೆ.

೨. ಎಲ್ಲರಿಗೂ ತಿಳಿದರೆ

ಆ ಅವಮಾನದಲ್ಲೇ ಹೊಳೆದದ್ದು: ಡ್ಯೂಟಿ ಪಟ್ಟಿಗೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿದರೆ? ಅದರಲ್ಲಿ ಪಾಳಿ, ರಜೆ, ವಿಶ್ರಾಂತಿ ಅಂತ ನರ್ಸ್‌ಗಳು ಆಡುವ ಮಾತೇ ಇರಬೇಕು. ಮ್ಯಾನೇಜರ್ ಒಂದು ತಿಂಗಳು ಕೊಟ್ಟರು. “ಕೋಡ್ ಗೊತ್ತಿಲ್ಲದವರು ಓದಿ ಅರ್ಥ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರಾಜೆಕ್ಟ್ ಬಂದ್.”

ನನ್ನ ಗಂಡ ಹುಬ್ಬಳ್ಳಿಯವರು, ಅವರೂ ಪ್ರೋಗ್ರಾಮರ್. “ಎಲ್ಲಾರಿಗೂ ತಿಳಿಯೂಹಂಗ ಬರದ್ರ ನಾಳೆ ನಮ್ಮನ್ಯಾರ್ ಕೇಳ್ತಾರ?” ಅಂದರು.

ಶನಿವಾರ ಬೀಚಿನಲ್ಲಿ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ತೆಗೆದಿದ್ದೆವಷ್ಟೇ, ಅವರ ಆಫೀಸಿನಿಂದ ಫೋನ್. ಅವರ ಕೋಡ್ ನಿಂತುಹೋಗಿತ್ತು, ಅದು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

“ಹೋಗಿ ರೀ” ಅಂದೆ, ಅವರ ಪಾಲಿನ ಚಿತ್ರಾನ್ನಕ್ಕೂ ಕೈಹಾಕುತ್ತ. “ನಿಮ್ಮನ್ನ ಕೇಳೋರು ಬಂದ್ರು.”

೩. ಫಿಜಿ

ಹಳೇ ಪ್ರೋಗ್ರಾಮಿನಲ್ಲಿದ್ದ ನಿಯಮಗಳನ್ನೇ ಹೊಸ ಭಾಷೆಗೆ ಇಳಿಸಿ, ನಮ್ಮ ಪ್ರೋಗ್ರಾಂ ಬಳಸುವ ಆಸ್ಪತ್ರೆಯೊಂದರ ಹೆಡ್ ಸಿಸ್ಟರ್ ಮುಂದೆ ಇಟ್ಟೆ. ಮೂವತ್ತು ವರ್ಷ ವಾರ್ಡ್ ನೋಡಿದವರು. ಕನ್ನಡಕ ಏರಿಸಿಕೊಂಡು ಜೋರಾಗಿ ಓದಿದರು: “ಯಾರಾದರೂ ಬರದಿದ್ದರೆ, ಹೆಚ್ಚು ವಿಶ್ರಾಂತಿ ಪಡೆದವರನ್ನು ಮೊದಲು ಕರೆ.”

ಆ ಸಾಲಿನ ಮೇಲೆ ಬೆರಳಿಟ್ಟರು.

“ರಜೆ ಮೇಲಿರೋರಿಗೇ ತಾನೇ ಹೆಚ್ಚು ವಿಶ್ರಾಂತಿ?”

“ಹೌದು...”

“ಅದಕ್ಕೇ ನಾನು ರಜೆ ಹಾಕಿ ಫಿಜಿಗೆ ಹೋದಾಗ ಮೂರು ಸಲ ಡ್ಯೂಟಿಗೆ ಕರೆದಿದ್ದು!”

ನಾಲ್ವರು ಇಂಜಿನಿಯರ್‌ಗಳು ಒಂದು ವರ್ಷ ಹುಡುಕಿಯೂ ಸಿಗದ ತಪ್ಪು ಅದು. “ರಜೆಯಲ್ಲಿರುವವರನ್ನು ಬಿಟ್ಟು” ಅಂತ ಹೆಡ್ ಸಿಸ್ಟರೇ ಸೇರಿಸಿದರು. ಮುಂದಿಟ್ಟಿದ್ದ ಕಾಫಿ ಇನ್ನೂ ಆರಿರಲಿಲ್ಲ.

೪. ಪರೀಕ್ಷೆ

ತಿಂಗಳ ಕೊನೆಗೆ ಮೆಲ್ಬರ್ನ್‌ನಲ್ಲಿ ಪರೀಕ್ಷೆ. ಹೆಡ್ ಸಿಸ್ಟರ್ ನನ್ನ ಜೊತೆಗೇ ಬಂದರು. ನಾನು ಅವರ ಆ ದಿನದ ಪಟ್ಟಿ ತೆರೆದೆ. ಈ ಮೀಟಿಂಗೂ ಅದರಲ್ಲಿತ್ತು. ಹೆಡ್ ಸಿಸ್ಟರ್ ಪಟ್ಟಿಯ ನಿಯಮಗಳನ್ನು ಒಂದೊಂದಾಗಿ ಓದಿ ಅರ್ಥ ಹೇಳಿದರು. ಮ್ಯಾನೇಜರ್‌ಗೆ ಇನ್ನೂ ನಂಬಿಕೆಯಿಲ್ಲ. “ಇವರು ಬಾಯಿಪಾಠ ಮಾಡಿರಬಹುದು. ಹೊಸ ನಿಯಮ ಬರೀಲಿ ನೋಡೋಣ.”

ಹೆಡ್ ಸಿಸ್ಟರ್ ಗಡಿಯಾರ ನೋಡಿದರು. ಎರಡೇ ಬೆರಳಲ್ಲಿ ಕುಟ್ಟಿದರು: “ಹನ್ನೆರಡರಿಂದ ಒಂದರವರೆಗೆ ಊಟ. ಆಗ ಮೀಟಿಂಗ್ ಇಡಬಾರದು.”

ಪರದೆ ಕೆಂಪಾಯಿತು. ಒಂದು ತಿಂಗಳ ಕೆಲಸ, ಇಲ್ಲೇ ಕೈಕೊಡಬೇಕಿತ್ತೇ? ಆಮೇಲೆ ಸಾಲು ಮೂಡಿತು: “ನಿಯಮ ಮುರಿದ ಮೀಟಿಂಗ್: ಈಗಿನದು. ಕರೆದವರು: ಮ್ಯಾನೇಜರ್.”

ಗಂಟೆ ಹನ್ನೆರಡೂ ನಲವತ್ತು.

“ಅಂದರೆ ಸರ್, ಇದರ ಅರ್ಥ...” ಅಂತ ನಾನು ತೊದಲಿದೆ.

“ವಿವರಿಸೋದೇನೂ ಬೇಡ” ಅಂದರು ಅವರು, ಲ್ಯಾಪ್‌ಟಾಪ್ ಮುಚ್ಚಿ ಏಳುತ್ತ. “ನನಗೇ ಅರ್ಥವಾಯ್ತು.”

“ಅಂದ್ರೆ ಪಾಸ್?” ಹೆಡ್ ಸಿಸ್ಟರ್ ಕೇಳಿದರು.

“ಪಾಸ್.”

“ಹಾಗಾದ್ರೆ ಲ್ಯಾಪ್‌ಟಾಪ್ ಮತ್ತೆ ತೆಗೀರಿ. ಇವತ್ತಿನ ಊಟ ಯಾರು ಕೊಡಿಸಬೇಕು ಅನ್ನೋ ನಿಯಮ ಒಂದು ಬಾಕಿ ಇದೆ.”