ನನ್ನ ಹೆಬ್ಬೆರಳಿನ ಅಂಕಪಟ್ಟಿ

ನಿಂಬೆಹಣ್ಣಿನಷ್ಟು ಊದಿದ ಕಾಲಿನ ಒಂದು ಹೆಬ್ಬೆರಳು ಇಡೀ ಮನೆಯನ್ನು ಆಳಬಲ್ಲದೆಂದು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ಹೊದಿಕೆ ತಗುಲಿದರೆ ಪ್ರಾಣ ಹೋದಂತೆ. ಫ್ಯಾನಿನ ಗಾಳಿ ಬಡಿದರೂ ಕಣ್ಣಲ್ಲಿ ನೀರು. ಡಾಕ್ಟರಮ್ಮ ಅದಕ್ಕೆ ‘ಗೌಟ್’ ಎಂದರು. ಯೂರಿಕ್ ಆಮ್ಲದ ಹರಳುಗಳು ಕೀಲಿನೊಳಗೆ ಕುಳಿತಿವೆಯಂತೆ. ನನ್ನಂಥವನೊಳಗೂ ಹರಳು ಹುಟ್ಟುತ್ತದೆಯೆಂದು ಕೇಳಿ, ಆ ನೋವಿನ ನಡುವೆಯೂ ಬೆರಗಾದೆ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. (ಎರಡನೆಯವರು ಇನ್ನೂ ಬಂದಿಲ್ಲ.) ನೋವನ್ನೂ ಕ್ರಮಬದ್ಧವಾಗಿಯೇ ಅನುಭವಿಸಬೇಕಲ್ಲ? ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಎಷ್ಟು ಲೋಟ ನೀರು, ಎಷ್ಟು ಹೊತ್ತು ಐಸು. ಇದನ್ನು ತೋರಿಸಿ ಹದಿನೈದು ದಿನದ ವಿಶ್ರಾಂತಿ ಚೀಟಿ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಕಚೇರಿಯ ಮೂರನೇ ಮಹಡಿ ಹತ್ತುವುದು ತಪ್ಪಿದ್ದಲ್ಲ.

ಹೋಲಿಕೆಗೆ ಇನ್ನೊಬ್ಬರಿದ್ದರೆ ವೈಜ್ಞಾನಿಕವಾಗಿರುತ್ತದೆ ಎನಿಸಿ, ಹೆಂಡತಿಯ ಮಂಡಿನೋವಿಗೂ ಒಂದು ಕಾಲಂ ಎಳೆದೆ.

“ನಿನ್ನದಕ್ಕೆ ಎಷ್ಟು ಹಾಕಲಿ?”

“ಎರಡು ಹಾಕಿ. ಕಾಲು ಎತ್ತಿ, ಗುಡಿಸ್ಬೇಕು.”

“ದಿನಾ ಎರಡೇನಾ?”

“ನಿಮ್ದು ದಿನಾ ಹತ್ತು ಇರ್ಬಹುದು, ನಂದು ದಿನಾ ಎರಡು ಇರ್ಬಾರ್ದಾ?”

ಆರನೇ ದಿನ ಪಟ್ಟಿಯನ್ನು ಸುರುಳಿ ಸುತ್ತಿ, ಅವಳ ಹೆಗಲ ಮೇಲೆ ಭಾರ ಹಾಕಿ ಹೊರಟೆ. ಡಾಕ್ಟರಮ್ಮ ಪಟ್ಟಿಯನ್ನು ಗಮನವಿಟ್ಟು ಓದಿದರು. ನನ್ನ ಬೆರಳನ್ನು ಒತ್ತಿ ನೋಡಿದರು. ಆಮೇಲೆ ಅದೇಕೋ ಅವಳನ್ನು ಕೂರಿಸಿ ಮಂಡಿ ಮಡಿಸಿದರು, ಎಕ್ಸ್-ರೇ ತೆಗೆಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

“ಮೂಳೆಗೆ ಮೂಳೆ ಉಜ್ತಾ ಇದೆಯಲ್ಲಮ್ಮಾ. ಇದನ್ನಿಟ್ಕೊಂಡು ಇವರನ್ನ ಹೊತ್ಕೊಂಡು ಬಂದ್ರಾ?”

“ಮತ್ತೆ ಎರಡು ಅಂತ ಯಾಕಂದೆ?” ಎಂದೆ ನಾನು.

“ಇಬ್ರೂ ಹತ್ತು ಅಂದ್ರೆ ಒಲೆ ಹಚ್ಚೋರ್ಯಾರು?”

ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದೂ ನಾನು ನೋಡದ ಮಂಡಿ ಅದು. ಬೆಳಕಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

ಹದಿನೈದು ದಿನದ ವಿಶ್ರಾಂತಿ ಚೀಟಿ ಸಿಕ್ಕಿತು, ಅವಳ ಹೆಸರಿಗೆ. ನನಗೆ ಮಾತ್ರೆ, ಅದರ ಜೊತೆಗೆ ಒಂದು ಮಾತು: “ನಿಮ್ಮ ಊತ ಇಳಿದಿದೆ ಸ್ವಾಮಿ. ಮೆಲ್ಲಗೆ ಓಡಾಡ್ಬಹುದು.”

ಮರುದಿನ ಸ್ವಂತ ಖಾತೆಯ ರಜೆ ಹಾಕಿ ಒಲೆಯ ಮುಂದೆ ಒಂಟಿಕಾಲಲ್ಲಿ ನಿಂತೆ. ಮಲಗುವ ಕೋಣೆಯಿಂದ ದನಿ ಬಂತು:

“ಹಾಲು ಉಕ್ತಾ ಇದೆ, ನೋಡ್ಕೊಳ್ಳಿ.”

ಗೋಡೆಯಾಚೆ ಕಣ್ಣು ಮುಚ್ಚಿ ಮಲಗಿದವಳಿಗೆ ಅದು ಹೇಗೆ ಗೊತ್ತಾಯಿತೆಂದು ಬೆರಗಾಗಿ ಬಾಗಿಲತ್ತ ತಿರುಗಿ ನಿಂತುಬಿಟ್ಟೆ. ಅಷ್ಟರಲ್ಲಿ ಹಾಲು ಪೂರ್ತಿ ಒಲೆಯ ಪಾಲಾಗಿತ್ತು.