ಅಜ್ಜಾರ ಮುಂದೆ ಚೆಲ್ಲೊ

ಜಂಬ ಕೆಟ್ಟದ್ದೆಂದು ಹಿರಿಯರು ಹೇಳುತ್ತಾರೆ. ಇರಬಹುದು. ನನ್ನ ಹತ್ತಿರ ಅದು ಧಾರಾಳವಾಗಿದೆ, ಮುಚ್ಚಿಟ್ಟು ಏನು ಮಾಡಲಿ? ಸಂಶಿಯ ನೇಕಾರನ ಮಗಳು ಮುಂಬಯಿಯ ವಾದ್ಯವೃಂದದಲ್ಲಿ ಇಪ್ಪತ್ತು ವರ್ಷ ಚೆಲ್ಲೊ ನುಡಿಸಿ, ಹಿಂದಿನ ಸಾಲಿನಿಂದ ಸರಿಯುತ್ತ ಸರಿಯುತ್ತ ಮೊದಲ ಕುರ್ಚಿಗೆ ಬಂದಿದ್ದಾಳೆಂದರೆ ಸ್ವಲ್ಪ ಬೀಗಲೇಬೇಕಲ್ಲ! ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಪ್ಪ. ಕುರ್ಚಿಯ ಮೇಲೆ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ಪೆಟ್ಟಿಗೆಯಂತೂ ಹತ್ತಿರ ಹತ್ತಿರ ನನ್ನೆತ್ತರ. ಹುಬ್ಬಳ್ಳಿಯಿಂದ ಊರಿಗೆ ಬರುವ ಬಸ್ಸಿನ ಕಂಡಕ್ಟರು ಅದನ್ನು ಬಡಿದು ನೋಡಿ, "ಒಳಗ ಇದ್ದವ್ರಿಗೂ ಟಿಕೀಟ್ ತಗೋರಿ ಅಕ್ಕಾರ" ಎನ್ನುತ್ತಾನೆ.

ಇಷ್ಟಾದರೂ ಅವ್ವ ನನ್ನ ವಾದನವನ್ನು ಎದುರು ಕೂತು ಕೇಳಿರಲಿಲ್ಲ. ಮುಂಬಯಿಗೆ ಕರೆದರೆ "ಎಮ್ಮಿ ಯಾರು ಹಿಂಡಬೇಕು?" ಎಂದು ಒಂದೇ ಉತ್ತರ. ಫೋನಿನಲ್ಲಿ ಕೇಳಿಸಿದ್ದಕ್ಕೆ "ನೊಣ ಗುಂಯ್ ಅಂದಂಗ ಆತವಾ" ಎಂದಿದ್ದಳು. ಆ ಮಾತು ನನಗೆ ಬಹಳ ದಿನ ಚುಚ್ಚಿತು. ಹೀಗಾಗಿ ಕಳೆದ ಶ್ರಾವಣದಲ್ಲಿ ಊರ ಮಠದಿಂದ ಸಂಗೀತ ಸೇವೆಗೆ ಕರೆ ಬಂದಾಗ, ಕಡೆಗೂ ಅವ್ವ ಕೇಳುತ್ತಾಳೆಂದು ರಜೆ ಹಾಕಿ ಓಡಿಬಂದೆ.

ಮರೆತೇ ಹೋಗಿದ್ದ ಸಂಗತಿ ಬಂದ ಮೇಲೆ ನೆನಪಾಯಿತು. ಅಜ್ಜಾರ, ಅಂದರೆ ಮಠದ ಸ್ವಾಮಿಗಳ, ಎದುರು ಯಾರೂ ಕುರ್ಚಿಯ ಮೇಲೆ ಕೂರುವಂತಿಲ್ಲ. ಎಂಥ ದೊಡ್ಡ ಮನುಷ್ಯರಿಗೂ ಜಮಖಾನೆಯೇ ಗತಿ. ನಾನು ಮೊದಲ ಕುರ್ಚಿಯ ಮಹಿಮೆ ಬಣ್ಣಿಸಲು ಹೊರಟೆ. ಅವ್ವ ರಟ್ಟೆ ಹಿಡಿದು ಎಳೆದಳು: "ಅಜ್ಜಾರ ಮುಂದ ಕುರ್ಚಿ ಮ್ಯಾಲೆ ಕುಂತ್ಯಂದ್ರ ನಾ ಕೇಳಾಕ ಬರೂದಿಲ್ಲ ನೋಡು. ಮಂದಿಗೆ ಹೆಂಗ ಮಾರಿ ತೋರಿಸ್ಲಿ?" ನೆಲದ ಮೇಲೆ ಕೂತು ನೋಡಿದೆ. ನಿಲ್ಲಿಸಿದರೆ ಕೈ ಎಟುಕಲಿಲ್ಲ, ಮಲಗಿಸಿದರೆ ಕಮಾನು ಆಡಲಿಲ್ಲ. ಇಪ್ಪತ್ತು ವರ್ಷದ ವಿದ್ಯೆ ಒಂದು ಕುರ್ಚಿಗಾಗಿ ನಿಂತುಹೋಯಿತಲ್ಲ ಎಂದು ಅಳುವೇ ಬಂತು.

ಅಷ್ಟರಲ್ಲಿ ಕಾಕಾ ಬಂದರು. ತೀರಿಹೋದ ಅಪ್ಪನ ತಮ್ಮ. ಅಣ್ಣತಮ್ಮಂದಿರಿಬ್ಬರೂ ನೆಲದ ಗುಂಡಿಯಲ್ಲಿ ಹೂಡಿದ ಕುಣಿಮಗ್ಗದ ಅಂಚಿಗೆ ಕೂತು, ಕುಣಿಯೊಳಗೆ ಕಾಲು ಇಳಿಬಿಟ್ಟು ಆಯುಷ್ಯವೆಲ್ಲ ಸೀರೆ ನೇಯ್ದವರು. ಕಾಕಾ ಚೆಲ್ಲೊವನ್ನು ಗೇಣು ಹಾಕಿ ಅಳೆದು, "ಇದಕ್ಯಾಕ ಅಳತಿಯವಾ? ಮ್ಯಾಲೆ ಏರಾಕ ಬರೂದಿಲ್ಲಂದ್ರ ಕೆಳಗ ಇಳಿಯೂಣು" ಎಂದರು. ಅಜ್ಜಾರ ಅಪ್ಪಣೆ ಪಡೆದು, ಮಠದ ಮಣ್ಣಿನ ಅಂಗಳದಲ್ಲಿ ಮಗ್ಗದ ಅಳತೆಗೇ ಕುಣಿ ತೋಡಿಬಿಟ್ಟರು. ನೆಲದ ಅಂಚಿಗೆ ಕೂತು ಕಾಲನ್ನೂ ಚೆಲ್ಲೊವನ್ನೂ ಕೆಳಗಿಳಿಸಿದೆ. ಅಗದಿ ಬರೋಬರಿ! ಅಪ್ಪ ಕೂರುತ್ತಿದ್ದ ಹಾಗೇ ಕೂತಿದ್ದೇನಲ್ಲ ಎಂದು ನನಗೆ ಆದ ಹೆಮ್ಮೆ ಮುಂಬಯಿಯ ಯಾವ ವೇದಿಕೆಯಲ್ಲೂ ಆಗಿರಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತ ಹೇಳಿಕೊಳ್ಳುತ್ತಿದ್ದ ಭಜನೆ ಪದವನ್ನೇ ನುಡಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಜೂದವಳಿಗೆ "ನನ್ನ ಮಗಳು!" ಎಂದದ್ದು ವಾದ್ಯಕ್ಕಿಂತ ಜೋರಾಗಿ ಕೇಳಿಸಿತು.

ಮಂಗಳಾರತಿಯಾದೊಡನೆ ನಾಲ್ವರು ಓಡಿಬಂದರು. ನನ್ನನ್ನು ಎಬ್ಬಿಸಲು ಬಂದರೆಂದುಕೊಂಡು ಕೈ ಚಾಚಿದೆ. ಅವರು "ಹಗೂರಕ, ಹಗೂರಕ" ಎನ್ನುತ್ತ ಚೆಲ್ಲೊವನ್ನು ಎತ್ತಿಕೊಂಡು ಅಜ್ಜಾರ ಬಳಿ ಒಯ್ದರು. ಅಜ್ಜಾರು ಪ್ರೀತಿಯಿಂದ ಅದಕ್ಕೇ ಶಾಲು ಹೊದಿಸಿ, ಹಾರ ಹಾಕಿದರು. ಕಾಲು ಜೋಮು ಹಿಡಿದು ಏಳಲಾರದ ನಾನು ಕುಣಿಯ ಅಂಚಿನಲ್ಲೇ ಕೂತು, ಊರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.