ಕೊಸರಿಗೆ ಕಲಂ ಇಲ್ಲದ ಮಾನ್ಯ ಫಾರಂ ಅವರಿಗೆ

ಅಜ್ಜಂಪುರ
೮ ಆಗಸ್ಟ್ ೧೯೮೨

ಮಾನ್ಯ ಮಾರಾಟ ತೆರಿಗೆ ಫಾರಂ ಅವರೇ,

ತಮ್ಮ ನಾಲ್ಕು ಪುಟಗಳಿಗೂ, ಹದಿನೇಳು ಕಲಂಗಳಿಗೂ, ಸಹಿಗೆಂದು ಕೊನೆಯಲ್ಲಿ ಬಿಟ್ಟಿರುವ ಚುಕ್ಕೆಗೆರೆಗೂ, ನೀಲಿ ಕಾರ್ಬನ್ನಿನ ಹೊಟ್ಟೆಯಲ್ಲಿ ಹುಟ್ಟಿದ ತಮ್ಮ ಇಬ್ಬರು ಮಸುಕು ಸಹೋದರರಿಗೂ ಯಗಟಿ ಮೂಲದ, ಸದ್ಯ ಅಜ್ಜಂಪುರ ವಾಸಿಯಾದ ಕರಿಸಿದ್ದಪ್ಪ ಮಾಡುವ ಸಾಷ್ಟಾಂಗ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮನ್ನು ಮಡಿಸಬಾರದು, ತಮಗೆ ನೀರು ತಾಗಿಸಬಾರದು, ತಮ್ಮ ಮೈಮೇಲೆ ತಿದ್ದಿದಲ್ಲೆಲ್ಲ ತಪ್ಪೊಪ್ಪಿಗೆಯಂತೆ ಸಹಿ ಹಾಕಬೇಕು ಎಂಬುದನ್ನು ಬಲ್ಲೆ. ನಮ್ಮ ಯಗಟಿಯಲ್ಲಿ ಇಷ್ಟು ಜೋಪಾನವನ್ನು ಬಾಣಂತಿಗೆ ಮಾತ್ರ ಮಾಡುತ್ತಾರೆ, ಅದೂ ಚೊಚ್ಚಲಾದರೆ.

ಈ ಮೊದಲು ತಮಗೆ ಖಾಸಗಿಯಾಗಿ ಬರೆದಿದ್ದ ನಾಲ್ಕು ಪುಟಗಳಿಗೆ ಉತ್ತರವಾಗಿ ನೋಟೀಸು ಬಂದದ್ದರಿಂದ ಈ ಸಲ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಹತ್ತು ಜನ ಓದಲಿ, ನಗುವವರು ನಗಲಿ. ನಗಲು ಅವರಿಗೆ ಬೇಕಾದಷ್ಟು ಕಾರಣಗಳನ್ನು ಕೆಳಗೆ ಒದಗಿಸಿದ್ದೇನೆ.

ನನ್ನ ಅರ್ಹತೆಯನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ೧೯೭೩ರಲ್ಲಿ ಕಡೂರಿನಲ್ಲಿ ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ, ಎಂಟಾಣೆಯ ಕರಪತ್ರಗಳನ್ನು ಓದಿ ಓದಿ ಪರೀಕ್ಷೆ ಎಂಬುದು ಗುಲಾಮಗಿರಿಯ ಮೊದಲ ಮೆಟ್ಟಿಲೆಂದು ಮನವರಿಕೆಯಾಗಿ, ಬಸ್ ನಿಲ್ದಾಣದ ನಡುವೆ ನಿಂತು ನನ್ನ ಹಾಲ್ ಟಿಕೆಟ್ಟನ್ನು ಸುಟ್ಟೆ. ಬೆಂಕಿಪೆಟ್ಟಿಗೆ ಒಬ್ಬ ಕಂಡಕ್ಟರರದು. ಮೂರು ಜನ ನೋಡಿದರು. ಅವರಲ್ಲೊಬ್ಬರು ಆ ಬೆಂಕಿಯಲ್ಲೇ ಬೀಡಿ ಹಚ್ಚಿಕೊಂಡು, "ಒಳ್ಳೇದಾಗ್ಲಿ ಕಣಪ್ಪಾ" ಎಂದು ತರೀಕೆರೆ ಬಸ್ಸು ಹತ್ತಿದರು. ಕ್ರಾಂತಿಯ ಅಂದಿನ ಫಲ ಅಷ್ಟೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಮೇಲೆ ಅಜ್ಜಂಪುರದ, ಕಾಲಿನಿಂದ ತುಳಿದು ನಡೆಸುವ ಯಂತ್ರದ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿ, ಸಂಬಳದಲ್ಲಿ ಉಳಿಸಿದ ಹಣದಿಂದ 'ತೆರಿಗೆ: ಬಡವನ ಬೆನ್ನಿನ ಬರೆ' ಎಂಬ ಹದಿನಾರು ಪುಟದ ಕಿರುಹೊತ್ತಗೆಯನ್ನು ಬರೆದು, ನಾನೇ ಅಚ್ಚು ಜೋಡಿಸಿ, ಐನೂರು ಪ್ರತಿ ಹಾಕಿಸಿದೆ. ಎಪ್ಪತ್ತು ಪ್ರತಿ ಹಂಚಿದೆ. ಉಳಿದ ನಾನೂರ ಮೂವತ್ತನ್ನು ಹಜೀರಾಬಿಯವರು ತೂಕಕ್ಕೆ ಕೊಂಡರು.

ಹಜೀರಾಬಿಯವರು ಯಾರೆಂದು ತಮಗೆ ಚೆನ್ನಾಗಿ ಗೊತ್ತು, ಏಕೆಂದರೆ ತಮ್ಮ ಮೊದಲನೆಯ ಕಲಂನಲ್ಲಿ ಅವರ ಹೆಸರನ್ನು ನಾನೇ ತುಂಬಿದ್ದೇನೆ. ಆದರೂ ಓದುಗರಿಗಾಗಿ ಹೇಳಬೇಕು. ಗಂಡ ತೀರಿಹೋದ ಮೇಲೆ ಇಪ್ಪತ್ತು ವರ್ಷಗಳಿಂದ ಅಜ್ಜಂಪುರದ ಪೇಟೆಯಲ್ಲಿ ಒಂದು ಬಾಗಿಲಿನ ಅಂಗಡಿಯಲ್ಲಿ ಖಾರ, ಬೆಂಡು, ಬತ್ತಾಸು ಮಾರುತ್ತಿರುವವರು ಅವರು. ಕಾಲು ಕಿಲೋ ಖಾರ ತೂಗಿ, ತಕ್ಕಡಿ ಸಮವಾಗಿ ನಿಂತ ಮೇಲೆ, ಡಬ್ಬಕ್ಕೆ ಕೈಹಾಕಿ ಇನ್ನೊಂದು ಹಿಡಿ ತೆಗೆದು ಪೊಟ್ಟಣಕ್ಕೆ ಸುರಿಯುತ್ತಾರೆ. ಅದೇ ಕೊಸರು. ಅದನ್ನು ಕೇಳುವ ಹಾಗಿಲ್ಲ, ಕೊಡದೇ ಇರುವ ಹಾಗೂ ಇಲ್ಲ. ನನ್ನ ಹೊತ್ತಗೆಯನ್ನು ಅಜ್ಜಂಪುರದಲ್ಲಿ ಯಾರಾದರೂ ಓದಿದ್ದರೆ ಅದು ಆ ಪೊಟ್ಟಣಗಳ ತಳದಲ್ಲೇ, ಖಾರ ಮುಗಿದ ಮೇಲೆ, ಎಣ್ಣೆಯ ನಡುವೆ.

ಈ ಜನವರಿಯಲ್ಲಿ ಹಜೀರಾಬಿಯವರಿಗೆ ತಮ್ಮ ಇಲಾಖೆಯಿಂದ, ವರ್ಷದ ವಹಿವಾಟನ್ನು ಮೇ ಕೊನೆಯೊಳಗೆ ತಮ್ಮಲ್ಲಿ ತುಂಬಿ ಕಳಿಸಬೇಕೆಂದು ಕಾಗದ ಬಂತು. ವಹಿವಾಟು ಒಂದು ಮಿತಿಯ ಕೆಳಗಿದ್ದರೆ ಬಿಡುಗಡೆ, ಮಿತಿ ದಾಟಿದರೆ ನೋಂದಣಿ, ಪ್ರತಿ ಪೊಟ್ಟಣಕ್ಕೂ ರಸೀದಿ, ಜೊತೆಗೆ ತೆರಿಗೆ. ಹೆಬ್ಬೆಟ್ಟು ಒತ್ತುವ ಹೆಂಗಸು ಖಾರ ಕರಿಯುತ್ತ ರಸೀದಿ ಬರೆಯುವುದೆಂದರೆ ಅಂಗಡಿ ಮುಚ್ಚುವುದೆಂದೇ ಅರ್ಥ. ಅವರು ತಮ್ಮನ್ನು ನನ್ನ ಕೈಗಿಟ್ಟು, "ತೆರಿಗೆ ಮ್ಯಾಲೆ ಅಷ್ಟುದ್ದ ಬರ್ದಿದೀಯಲ್ಲಪ್ಪಾ, ಇದನ್ನೂ ಒಸಿ ಬರ್ಕೊಡು" ಎಂದರು.

ಮಾನ್ಯರೇ, ಆ ಕ್ಷಣವನ್ನು ನಾನು ಮರೆಯಲಾರೆ. ತೆರಿಗೆಯನ್ನು ಹದಿನಾರು ಪುಟಗಳಲ್ಲಿ ಬಯಲಿಗೆಳೆದಿದ್ದ ನಾನು ತಮ್ಮ ಎರಡನೆಯ ಕಲಂ ದಾಟಲಾರದೆ ಹೋದೆ. 'ಒಟ್ಟು ವಹಿವಾಟು', 'ತೆರಿಗೆಗೆ ಒಳಪಡುವ ವಹಿವಾಟು' ಇವೆರಡೂ ಬೇರೆ ಬೇರೆ ಎಂಬುದೇ ನನಗೆ ತಿಳಿದಿರಲಿಲ್ಲ. ಶತ್ರುವಿನ ಕೋಟೆಯ ಮೇಲೆ ಒಂಬತ್ತು ವರ್ಷ ಕಲ್ಲೆಸೆದವನಿಗೆ ಅದರ ಬಾಗಿಲು ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ. ಹೀಗಾಗಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದೆ.

ತರೀಕೆರೆಯಲ್ಲಿ ಒಂದು ಅಡಿಕೆ ಮಂಡಿಯ ಮಹಡಿಯ ಮೇಲೆ ನಿವೃತ್ತ ಗುಮಾಸ್ತರಾದ ಬೆನಕಪ್ಪ ಮೇಷ್ಟ್ರು ಭಾನುವಾರಗಳಂದು ತೆರಿಗೆ ಪತ್ರ ತುಂಬುವ ತರಗತಿ ನಡೆಸುತ್ತಾರೆ. ಆರು ತಿಂಗಳು, ಕೊನೆಗೆ ಒಂದು ಪರೀಕ್ಷೆ, ಪಾಸಾದವರಿಗೆ ಒಂದು ಪ್ರಮಾಣಪತ್ರ. ಸಹಪಾಠಿಗಳೆಲ್ಲ ಮೀಸೆ ಚಿಗುರುತ್ತಿದ್ದ ಮಂಡಿ ಗುಮಾಸ್ತರು. ಬೆಂಚುಗಳು ಯಾವುದೋ ಪ್ರಾಥಮಿಕ ಶಾಲೆಯಿಂದ ಬಂದವಾದ್ದರಿಂದ ನನ್ನ ಮೊಣಕಾಲುಗಳು ಗದ್ದಕ್ಕೆ ತಾಗುತ್ತಿದ್ದವು. ಮೊದಲ ದಿನ ನಾನು ಎದ್ದುನಿಂತು, ತೆರಿಗೆಯ ವರ್ಗಸ್ವರೂಪದ ಕುರಿತು ಪ್ರಶ್ನೆ ಕೇಳುವ ನೆವದಲ್ಲಿ ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಮೇಷ್ಟ್ರು ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, "ಎಲ್ಲಾ ಸರಿ ಕಣೋ ಕರಿಸಿದ್ದಾ, ಈಗ ಹದಿನೇಳರ ಮಗ್ಗಿ ಹೇಳು" ಎಂದರು. ನಾನು ಹದಿನೇಳು ಆರಲ ತನಕ ಹೋಗಿ ಕುಳಿತೆ. ಅಂದಿನಿಂದ ಮಗ್ಗಿಯನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕುಳಿತವರು ಮಂತ್ರವೆಂದು ತಿಳಿದು ಜಾಗ ಬಿಟ್ಟುಕೊಡುತ್ತಿದ್ದರು.

ಮೂರು ತಿಂಗಳು ಕಳೆಯುವಷ್ಟರಲ್ಲಿ ನನಗೆ ತಮ್ಮ ಬಗ್ಗೆ ಭಕ್ತಿ ಹುಟ್ಟಿತು, ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಎಷ್ಟು ಚೊಕ್ಕವಾದ ಕಲಂಗಳು, ಒಂದರ ಮೊತ್ತ ಇನ್ನೊಂದಕ್ಕೆ ನಡೆದುಹೋಗುವ ಎಷ್ಟು ಶಿಸ್ತು! ನನ್ನ ಕರಪತ್ರಗಳು ಹತ್ತು ವರ್ಷದಲ್ಲಿ ತರಲಾಗದ ಸಮಾನತೆಯನ್ನು ತಾವು ಎರಡನೆಯ ಪುಟದಲ್ಲೇ ತಂದಿದ್ದಿರಿ, ಅಲ್ಲಿ ಎಡದ ಮೊತ್ತವೂ ಬಲದ ಮೊತ್ತವೂ ಸಮವಾಗಲೇಬೇಕು.

ಹೊಸದಾಗಿ ಮತಕ್ಕೆ ಸೇರಿದವನಿಗೆ ನಾಮ ಮೂರು ಬೆರಳು ಅಗಲ ಎನ್ನುವಂತೆ, ಹಜೀರಾಬಿಯವರ ಲೆಕ್ಕವನ್ನು ಒಂದು ಕಾಳೂ ಬಿಡದೆ ತುಂಬುವ ಹಟಕ್ಕೆ ಬಿದ್ದೆ. ವರ್ಷದಲ್ಲಿ ಮಾರಿದ್ದನ್ನೆಲ್ಲ ಕೂಡಿಸಿದರೆ ವಹಿವಾಟು ಮಿತಿಗಿಂತ ನಾಲ್ಕು ಸಾವಿರ ರೂಪಾಯಿ ಕೆಳಗಿತ್ತು. ಅಲ್ಲಿಗೆ ಹೆಬ್ಬೆಟ್ಟು ಒತ್ತಿಸಿ ಮನೆಗೆ ಹೋಗಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಆದರೆ ನನಗೆ ಕೊಸರು ನೆನಪಾಯಿತು. ಬಡ ವ್ಯಾಪಾರಿಯೊಬ್ಬಳು ವರ್ಷವಿಡೀ ಸಮಾಜಕ್ಕೆ ಕೊಡುತ್ತಿರುವ ಈ ಕಾಣಿಕೆ ಸರ್ಕಾರದ ಯಾವ ದಾಖಲೆಯಲ್ಲೂ ಇಲ್ಲವಲ್ಲ ಎಂದು ನನ್ನ ರಕ್ತ ಕುದಿಯಿತು. ಚಿನಿವಾರರ ಅಂಗಡಿಯಿಂದ ಚಿನ್ನ ತೂಗುವ ತಕ್ಕಡಿಯನ್ನು ಎರವಲು ತಂದು, ಹದಿನಾಲ್ಕು ದಿನ ಹಜೀರಾಬಿಯವರ ಪಕ್ಕ ಕುಳಿತು, ಅವರ ಪ್ರತಿ ಹಿಡಿಯನ್ನೂ ಪೊಟ್ಟಣಕ್ಕೆ ಬೀಳುವ ಮೊದಲು ತೂಗಿದೆ. ಸರಾಸರಿ ಇಪ್ಪತ್ತೆರಡು ಗ್ರಾಂ. ಕಂಕುಳಲ್ಲಿ ಕೂಸಿದ್ದವರಿಗೆ ಮೂವತ್ತು, ಕಚೇರಿ ಗುಮಾಸ್ತರಿಗೆ ಹದಿನೆಂಟು. "ನನ್ ಕೈಯೇನು ಬಂಗಾರವೇನಪ್ಪಾ ಹಿಂಗೆ ತೂಗ್ತೀಯಾ?" ಎಂದು ಹಜೀರಾಬಿಯವರು ನಕ್ಕರು. ಹೌದು, ಬಂಗಾರವೇ ಎಂದೆ. ವರ್ಷಕ್ಕೆ ಐದು ಸಾವಿರದ ಏಳುನೂರು ರೂಪಾಯಿಯ ಬಂಗಾರ.

ತಮ್ಮ ಹದಿನೇಳು ಕಲಂಗಳಲ್ಲಿ ಕೊಸರಿಗೆಂದು ಒಂದೂ ಇರಲಿಲ್ಲವಾದ್ದರಿಂದ, ಆ ಮೊತ್ತವನ್ನು ಗೌರವಪೂರ್ವಕವಾಗಿ ಮಾರಾಟದ ಕಲಂಗೇ ಸೇರಿಸಿದೆ. ಜೊತೆಗೆ 'ಕೊಸರು: ಒಂದು ಟಿಪ್ಪಣಿ' ಎಂಬ ನಾಲ್ಕು ಪುಟಗಳನ್ನು ಗುಂಡುಸೂಜಿಯಿಂದ ಚುಚ್ಚಿದೆ. ಅದರಲ್ಲಿ ತಮ್ಮ ಮುಂದಿನ ಮುದ್ರಣದಲ್ಲಿ ಹದಿನೆಂಟನೆಯ ಕಲಂ ಇರಬೇಕೆಂದೂ, ಅಲ್ಲಿ ಲೆಕ್ಕವನ್ನು ರೂಪಾಯಿಯಲ್ಲಲ್ಲದೆ ಹಿಡಿಯಲ್ಲಿ ಕೇಳಬೇಕೆಂದೂ, ಹಿಡಿಯ ಪ್ರಮಾಣವನ್ನು ನಿಗದಿ ಮಾಡಲು ಹಜೀರಾಬಿಯವರ ಬಲಗೈಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂದೂ ಕೋರಿದ್ದೆ. ಮಿತಿ ದಾಟಿತೆಂಬುದು ನನಗೆ ಗೊತ್ತಾಗಲಿಲ್ಲವೇ ಎಂದು ತಾವು ಕೇಳಬಹುದು. ಗೊತ್ತಾಯಿತು. ಟಿಪ್ಪಣಿ ಓದಿದ ಮೇಲೆ ಸರ್ಕಾರ ನಾಚಿ ಮಿತಿಯನ್ನೇ ಏರಿಸುತ್ತದೆ ಎಂದುಕೊಂಡಿದ್ದೆ.

ಜೂನ್ ಕೊನೆಯ ಭಾನುವಾರ ಪರೀಕ್ಷೆ ಬರೆದು ಬಂದ ಮರುದಿನವೇ ನೋಟೀಸು ಬಂತು. ವಹಿವಾಟು ಮಿತಿ ಮೀರಿದೆ, ನೋಂದಣಿ ಮಾಡಿಸಿ, ತೆರಿಗೆ ಕಟ್ಟಿ, ಆಕ್ಷೇಪವಿದ್ದರೆ ಜುಲೈ ಹದಿನಾಲ್ಕಕ್ಕೆ ಹಾಜರಾಗಿ. ಹಜೀರಾಬಿಯವರಿಗೆ ಓದಿ ಹೇಳಿದೆ. ಅವರು ತಮ್ಮ ಅಂಗೈಯನ್ನು ನೋಡಿಕೊಂಡು, "ಸರ್ಕಾರಕ್ಕೆ ನನ್ ಹಿಡಿ ಮ್ಯಾಲೂ ಕಣ್ಣಾ?" ಎಂದರು. ಸರ್ಕಾರದ ಕಣ್ಣನ್ನು ಅಲ್ಲಿಗೆ ತಿರುಗಿಸಿದವನು ಎದುರಿಗೇ ನಿಂತಿದ್ದ. ಅವರು ಅವನಿಗೆ ಬತ್ತಾಸು ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನನ್ನ ಎರಡನೆಯ ಸಲಹೆ ಮೊದಲನೆಯದಕ್ಕಿಂತ ಘೋರವಾಗಿತ್ತು. ಜುಲೈ ಐದರಿಂದ ವಿಚಾರಣೆಯ ತನಕ ಕೊಸರನ್ನು ನಿಲ್ಲಿಸಿ ಎಂದೆ. ಅವರು ನಿಲ್ಲಿಸಿದರು. ಮೊದಲ ದಿನ ಹಮಾಲಿ ಉಗ್ರಪ್ಪ ಕಾಲು ಕಿಲೋ ಖಾರ ಕೊಂಡು, ದುಡ್ಡು ಕೊಟ್ಟು, ಪೊಟ್ಟಣ ಹಿಡಿದು ಹಾಗೇ ನಿಂತಿದ್ದ. ಹಿಂದಿನವರು ಜರುಗು ಎಂದರೂ ಜರುಗಲಿಲ್ಲ. "ಬೂಬಮ್ಮಾ, ಮರ್ತ್ರಾ?" ಎಂದ. "ಕಾನೂನು ಕಣಪ್ಪಾ" ಎಂದರು ಹಜೀರಾಬಿ, ಅವನ ಮುಖ ನೋಡದೆ. ಉಗ್ರಪ್ಪ ನನ್ನ ಕಡೆಗೆ ತಿರುಗಿ, "ಲೇ ಕರಪತ್ರದ ಸ್ವಾಮಿ, ಬಡವ್ರ ಪರ ಅಂತಿದ್ದಲ್ಲೋ, ಇದೇನಾ ನೀನು ಮಾಡಿದ್ದು?" ಎಂದು ಪೇಟೆಗೆಲ್ಲ ಕೇಳುವಂತೆ ಕೇಳಿದ. ಒಂಬತ್ತು ದಿನಗಳಲ್ಲಿ ವ್ಯಾಪಾರ ಅರ್ಧಕ್ಕಿಳಿಯಿತು. ಇದೇ ವೇಗದಲ್ಲಿ ಇಳಿದರೆ ಮುಂದಿನ ವರ್ಷ ಮಿತಿಯ ಚಿಂತೆಯೇ ಇರುವುದಿಲ್ಲವೆಂದು ನಾನು ಲೆಕ್ಕ ಹಾಕಿ ತೋರಿಸಿದಾಗ ಮಾತ್ರ ಹಜೀರಾಬಿಯವರು ಮೊದಲ ಬಾರಿಗೆ ನನ್ನನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದರು.

ಹದಿನಾಲ್ಕರಂದು ಇಬ್ಬರೂ ಬಸ್ಸು ಹತ್ತಿ ತೆರಿಗೆ ಕಚೇರಿಗೆ ಹೋದೆವು. ನನ್ನ ಬಳಿ ಹನ್ನೊಂದು ಪುಟದ ವಾದವಿತ್ತು, ಮೊದಲ ಪುಟ ಮನುಷ್ಯನು ವಿನಿಮಯವನ್ನು ಕಂಡುಹಿಡಿದಲ್ಲಿಂದ ಆರಂಭವಾಗುತ್ತಿತ್ತು. ಅಧಿಕಾರಿಗಳು ನನಗೆ ಕುಳಿತುಕೊಳ್ಳಲು ಹೇಳಿ, ಹಜೀರಾಬಿಯವರನ್ನು ಕೇಳಿದರು, "ಅಮ್ಮಾ, ಈ ಕೊಸರಿಗೆ ದುಡ್ಡು ಇಸ್ಕೊಳ್ತೀರಾ?"

"ಇಸ್ಕೊಂಡ್ರೆ ಅದು ಕೊಸರು ಹೆಂಗಾಯ್ತದೆ ಸಾಮಿ?" ಎಂದರು ಅವರು.

ಅಧಿಕಾರಿಗಳು ಕೆಂಪು ಶಾಯಿಯಲ್ಲಿ ಐದು ಸಾವಿರದ ಏಳುನೂರಕ್ಕೆ ಅಡ್ಡಗೆರೆ ಎಳೆದರು. ಬೆಲೆ ಇಲ್ಲದ ಮೇಲೆ ಮಾರಾಟವಿಲ್ಲ, ಮಾರಾಟವಿಲ್ಲದ ಮೇಲೆ ವಹಿವಾಟಿಲ್ಲ, ವಹಿವಾಟು ಮಿತಿಯ ಕೆಳಗೆ. ಎರಡು ನಿಮಿಷ ಹಿಡಿಯಿತು. ನನ್ನ ಹನ್ನೊಂದು ಪುಟ ಚೀಲದಲ್ಲೇ ಉಳಿಯಿತು. ಅಜ್ಜಂಪುರಕ್ಕೆ ಬಂದು ಇಳಿದ ಕೂಡಲೇ ಹಜೀರಾಬಿಯವರು ಅಂಗಡಿಯ ಬಾಗಿಲು ತೆಗೆದು, ಉಗ್ರಪ್ಪನನ್ನು ಕೂಗಿ ಕರೆದು, ಅವನ ಟವೆಲ್ಲಿಗೆ ಒಂಬತ್ತು ದಿನಗಳ ಬಾಕಿ ಹಿಡಿಗಳನ್ನು ಒಂದೊಂದಾಗಿ ಸುರಿದರು. ಆಗ ಮಾತ್ರ, ಮಾನ್ಯರೇ, ನಾನು ತೂಗಲಿಲ್ಲ.

ಇನ್ನು ನನ್ನ ಪರೀಕ್ಷೆಯ ಸಂಗತಿ. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಮೇಷ್ಟ್ರು ಕೇಳಿದ್ದರು, 'ಬೆಲೆ ಪಡೆಯದೆ ಕೊಟ್ಟ ಸರಕು ಮಾರಾಟವೆನಿಸುವುದೇ? ಒಂದು ವಾಕ್ಯದಲ್ಲಿ ಉತ್ತರಿಸಿ. ಅಂಕ ಹತ್ತು.' ಎನಿಸುವುದು ಎಂದು ನಾನು ಆರು ಪುಟ ಬರೆದಿದ್ದೆ. ಸೊನ್ನೆ. ಉಳಿದದ್ದೆಲ್ಲ ಕೂಡಿ ಮೂವತ್ತೆರಡು. ಪಾಸಿಗೆ ಮೂವತ್ತೈದು. ಫಲಿತಾಂಶ ಕೇಳಿ ಮಂಡಿಯ ಮೆಟ್ಟಿಲಿಳಿದು ಹೊರಟವನನ್ನು ಮೇಷ್ಟ್ರು ಮೇಲಿನಿಂದಲೇ ಕರೆದರು. ಉತ್ತರಪತ್ರಿಕೆಯಲ್ಲಿ ಮೂವತ್ತೆರಡರ ಪಕ್ಕ ಇನ್ನೊಂದು ಮೂರು ಬರೆದು, "ತಗಳಪ್ಪಾ ಕೊಸರು. ಯಾವ ಕಲಂನಾಗೆ ಬರ್ಕಂತೀಯೋ ಬರ್ಕ" ಎಂದರು.

ಹಾಲ್ ಟಿಕೆಟ್ಟು ಸುಟ್ಟವನು ಈ ದಯಾಭಿಕ್ಷೆಯನ್ನು ಅಲ್ಲೇ ತಿರಸ್ಕರಿಸಬೇಕಿತ್ತು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ, ಕೂಸನ್ನು ಎತ್ತಿಕೊಂಡು ಬಂದವರಿಗೆ ಹಜೀರಾಬಿಯವರು ಕೊಡುವ ಮೂವತ್ತು ಗ್ರಾಮಿನ ಹಿಡಿಯನ್ನು ತೆಗೆದುಕೊಳ್ಳುವಂತೆ. ಮನೆಗೆ ಬಂದು ತಮ್ಮನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದೆ. ಆ ಮೂರಕ್ಕೆ ತಮ್ಮಲ್ಲಿ ಜಾಗವಿಲ್ಲ, ಇರಲೂ ಬಾರದು. ಆದ್ದರಿಂದ ಹದಿನೆಂಟನೆಯ ಕಲಂ ಕೋರಿ ಸಲ್ಲಿಸಿದ್ದ ಮನವಿಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ತಾವು ದಯವಿಟ್ಟು ಹದಿನೇಳಕ್ಕೇ ನಿಲ್ಲಬೇಕು.

ತಮ್ಮ ವಿಶ್ವಾಸಿ,
ಕರಿಸಿದ್ದಪ್ಪ, ಯಗಟಿ
(ತೆರಿಗೆ ಪತ್ರ ತುಂಬುವುದರಲ್ಲಿ ತೇರ್ಗಡೆ, ಮೂವತ್ತೆರಡು ಮತ್ತು ಮೂರು)

ಮರೆತ ಮಾತು: ನನ್ನ 'ಕೊಸರು: ಒಂದು ಟಿಪ್ಪಣಿ'ಯನ್ನು ಇಲಾಖೆಯು 'ಅನಗತ್ಯ' ಎಂಬ ಮೊಹರಿನೊಂದಿಗೆ ಹಿಂತಿರುಗಿಸಿದೆ. ಹಜೀರಾಬಿಯವರು ಅದನ್ನೂ, ಮಂಡಿಸದೇ ಉಳಿದ ಹನ್ನೊಂದು ಪುಟಗಳನ್ನೂ ಪೊಟ್ಟಣಕ್ಕೆ ತೆಗೆದುಕೊಂಡು, "ನಿನ್ ಬರವಣಿಗೆ ಎಣ್ಣೆ ಚೆನ್ನಾಗಿ ಹೀರ್ತದೆ ಕಣಪ್ಪಾ, ಇನ್ನೊಸಿ ಬರಿ" ಎಂದಿದ್ದಾರೆ. ಇಲಾಖೆಯ ನೋಟೀಸನ್ನೂ ಒಮ್ಮೆ ಸುತ್ತಿ ನೋಡಿದರು. ಕಾಗದ ಬಹಳ ಒರಟು, ಮಡಿಸಿದಲ್ಲೆಲ್ಲ ಸೀಳುತ್ತದೆ, ಖಾರ ನಿಲ್ಲುವುದಿಲ್ಲವಂತೆ. ಮುಂದಿನ ನೋಟೀಸಿನ ವೇಳೆಗೆ ಇದನ್ನಾದರೂ ಸರಿಪಡಿಸಬೇಕಾಗಿ ವಿನಂತಿ.